ಹೈವೇದಾಗ ಬ್ಯಾಡ, ಟ್ರ್ಯಾಕಿನ್ಯಾಗ ಓಡಸ್ರಿ!

ಅಬಲೂರು ಕಡೆಯ ಹುಡುಗನಿಗೆ ಕಾರ್ ರೇಸಿನ ಹಾದಿ ಯಾವುದು? ರೊಕ್ಕ ಎಷ್ಟು, ರಿಸ್ಕ್ ಎಷ್ಟು?

ಹಿರೇಕೆರೂರು ತಾಲ್ಲೂಕಿನ ಅಬಲೂರು ಪಣಕ್ಕೆ ಹೆಸರಾದ ಊರು. ಏಕಾಂತದ ರಾಮಯ್ಯ ತನ್ನ ತಲೆಯನ್ನೇ ಪಣಕ್ಕೊಡ್ಡಿ, ಕತ್ತರಿಸಿಕೊಟ್ಟು, ಮರಳಿ ಪಡೆದನೆಂದು ಇಲ್ಲಿನ ಸೋಮೇಶ್ವರ ಗುಡಿಯ ಶಾಸನ ಹೇಳುತ್ತದೆ. ಸುಮಾರು ಎಂಟುನೂರು ವರ್ಷದ ಹಿಂದಿನ ಮಾತು ಅದು. ರಾಮಯ್ಯನ ಬೆನ್ನಿಗೆ ಶಿವನಿದ್ದ, ತಲೆ ಮರಳಿ ಬಂತು. ಆದರೆ ಗೆಳೆಯರ ಕೂಡ ಪಂದ್ಯ ಕಟ್ಟಿ ಹೈವೇಯಲ್ಲಿ ಆಕ್ಸಿಲರೇಟರ್ ತುಳಿಯುವ ಇಂದಿನ ಹುಡುಗನಿಗೆ ಅಂಥ ವರವನ್ನು ಯಾರೂ ಕೊಟ್ಟಿಲ್ಲ. ಅಲ್ಲಿ ಹೋದ ತಲೆ ಹೋದದ್ದೇ.

ಹಾಗಂತ ಓಡಿಸುವ ಆಸೆಯೇ ತಪ್ಪು ಅಂದರೆ ಹೇಗೆ? ಹುಡುಗರಿಗೆ ಆಸೆ ಇದೆ. ಮೊಬೈಲಿನಲ್ಲಿ ಫಾರ್ಮುಲಾ ಒನ್ ನೋಡುತ್ತಾರೆ. ಅಪ್ಪ ಅಂಗಡಿಗೆ ಸಾಮಾನು ತರಲಿಕ್ಕೆಂದು ಕೊಂಡ ಗಾಡಿಯ ಕೀಲಿ ಕೈಗೆ ಸಿಕ್ಕರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಮನೆಯಲ್ಲಿ ಬಾಯಿಬಿಟ್ಟರೆ ‘ಸುಮ್ನ ಕೂಡಲೇ’ ಅನ್ನುವ ಗದರಿಕೆ. ಗದರಿಕೆಯಿಂದ ಆಸೆ ಸಾಯುವುದಿಲ್ಲ, ಕತ್ತಲಲ್ಲಿ ಹೈವೇ ಹಿಡಿಯುತ್ತದೆ ಅಷ್ಟೆ. ಅದರ ಬದಲು ಕಾನೂನುಬದ್ಧ ರೇಸಿಗೆ ಬಾಗಿಲು ಎಲ್ಲಿದೆ, ಒಳಗೆ ಹೋಗಲು ಏನು ಬೇಕು ಅನ್ನುವುದನ್ನು ಅಪ್ಪ-ಮಗ ಇಬ್ಬರೂ ತಿಳಿದಿಟ್ಟುಕೊಂಡರೆ ಲಾಭವಲ್ಲವೆ?

ಓಟ ಈ ಸೀಮೆಗೆ ಹೊಸದಲ್ಲ

ಹಾವೇರಿ ಜಿಲ್ಲೆಯವರಿಗೆ ಓಟ, ಸ್ಪರ್ಧೆ ಯಾರೂ ಕಲಿಸಬೇಕಾಗಿಲ್ಲ. ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡು ನುಗ್ಗುವ ಹೋರಿಗೆ ಸಿನಿಮಾ ನಟರಿಗಿಂತ ಹೆಚ್ಚು ಅಭಿಮಾನಿಗಳು. ಜಾತ್ರೆ ಬಂದರೆ ಖಾಲಿ ಚಕ್ಕಡಿ ಓಡಿಸುವ ಸ್ಪರ್ಧೆ. ಈಚಿನ ವರ್ಷಗಳಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಸ್ಪರ್ಧೆಯೂ ಸೇರಿದೆ. ಕಂಡವರಿಗೆ ಗೊತ್ತು, ಅದು ಸಣ್ಣ ಕಸುಬಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಕಣ್ಣು, ಕೈ, ಕಾಲು ಮೂರೂ ಒಂದೇ ಲೆಕ್ಕದಲ್ಲಿ ನಡೆಯಬೇಕು.

ಈ ಓಟಗಳಿಗೂ ಕಾನೂನಿನ ಕಂಟಕ ಬಂದದ್ದುಂಟು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. ಕರ್ನಾಟಕ ಸರ್ಕಾರ 2017ರಲ್ಲಿ ಕಾಯ್ದೆ ತಿದ್ದುಪಡಿ ಮಾಡಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. ರಾಷ್ಟ್ರಪತಿಗಳ ಅಂಕಿತ 2018ರಲ್ಲಿ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಷರತ್ತು ಉಂಟು. ಪ್ರಾಣಿಗೆ ಹಿಂಸೆ ಆಗಕೂಡದು, ನಿಯಮ ಮೀರಕೂಡದು.

ಎತ್ತಿನ ಓಟಕ್ಕೇ ಇಷ್ಟು ಕಟ್ಟುಪಾಡು ಇರುವಾಗ ಸಾವಿರ ಕಿಲೋ ತೂಕದ ಕಬ್ಬಿಣದ ಗಾಡಿಯನ್ನು ಯಾರಪ್ಪನ ಅಪ್ಪಣೆಯೂ ಇಲ್ಲದೆ ಓಡಿಸಲು ಬಿಡುತ್ತಾರೆಯೆ?

ರಸ್ತೆಯಲ್ಲಿ ಓಡಿಸಿದರೆ ಏನಾಗುತ್ತದೆ?

ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಇದಕ್ಕಾಗಿಯೇ ಇದೆ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ, ವೇಗ ಪರೀಕ್ಷೆ ಮಾಡಿದರೆ ಅದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೊಮ್ಮೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ.

ಹುಡುಗನಿಗೆ 18 ತುಂಬಿಲ್ಲವೊ, ಆಗ ಕುತ್ತು ಬರುವುದು ಅಪ್ಪನಿಗೆ. 199-ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ. ಅಂಗಡಿ ಸಾಮಾನು ತರುವ ಗಾಡಿ ಒಂದು ವರ್ಷ ನಿಂತರೆ ವ್ಯಾಪಾರದ ಗತಿ ಏನು ಅನ್ನುವುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ಶೂರೆನ್ಸ್ ಇದೆಯಲ್ಲ ಅಂದಿರಾ? ಮನೆಯಲ್ಲಿರುವ ಪಾಲಿಸಿ ಕಾಗದವನ್ನೊಮ್ಮೆ ಬಿಚ್ಚಿ ಓದಿ. ಆಯೋಜಿತ ರೇಸಿಗೆ, ವೇಗ ಪರೀಕ್ಷೆಗೆ ಬಳಸಿದ ಗಾಡಿಗೆ ಪರಿಹಾರ ಇಲ್ಲ ಅನ್ನುವ ಸಾಲು ಸಣ್ಣ ಅಕ್ಷರದಲ್ಲಿ ಅಲ್ಲೇ ಇರುತ್ತದೆ.

ಕಾನೂನು ಬಿಡಿ, ಲೆಕ್ಕ ನೋಡಿ. 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಸರ್ಕಾರಿ ಬಸ್ಸಿನ ಉದ್ದ 11-12 ಮೀಟರ್. ಅಂದರೆ ಎದುರಿಗೆ ಎಮ್ಮೆ ಕಂಡು ‘ಅಯ್ಯೋ’ ಅನ್ನುವಷ್ಟರಲ್ಲಿ ಎರಡು ಬಸ್ಸು ಮೀರಿದ ದೂರ ಹೋಗಿರುತ್ತದೆ, ಕಾಲಿನ್ನೂ ಬ್ರೇಕಿಗೆ ಬಂದಿರುವುದಿಲ್ಲ. ಬ್ರೇಕ್ ಹಿಡಿದ ಮೇಲೆ ಇನ್ನೂ ಐವತ್ತು-ಅರವತ್ತು ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೈವೇಯಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರು ಹಿಂದೆ ಲೈಟಿಲ್ಲದೆ ಹೋಗುತ್ತಿರುತ್ತದೆ. ಕಬ್ಬಿನ ಗಾಡಿ ನಿಂತಿರುತ್ತದೆ. ರಾಂಗ್ ಸೈಡಿನಲ್ಲಿ ಬೈಕು ಬರುತ್ತದೆ. ಟ್ರ್ಯಾಕಿನಲ್ಲಿ ಇವು ಯಾವುವೂ ಇರುವುದಿಲ್ಲ. ಇದ್ದವರೆಲ್ಲ ಒಂದೇ ದಿಕ್ಕಿಗೆ ಹೋಗುತ್ತಾರೆ, ಆಂಬುಲೆನ್ಸು ಎಂಜಿನ್ ಚಾಲೂ ಮಾಡಿಕೊಂಡು ಕಾದಿರುತ್ತದೆ. ವ್ಯತ್ಯಾಸ ಇರುವುದು ಇಲ್ಲಿಯೇ.

ಯಾವ ರೇಸು? ಮೂರು ಬಗೆ

ಕಾರ್ ರೇಸ್ ಅಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಮೊದಲನೆಯದು ರ‍್ಯಾಲಿ. ಇಲ್ಲಿ ಒಂದೊಂದೇ ಕಾರು ಬಿಡುತ್ತಾರೆ, ಗಡಿಯಾರದ ಜೊತೆ ಓಟ. ಪಕ್ಕದಲ್ಲಿ ದಾರಿ ಓದಿ ಹೇಳುವ ಜೊತೆಗಾರ ಕೂತಿರುತ್ತಾನೆ. ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಹೆಸರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದಶಕಗಳಿಂದ ಬಂದದ್ದು. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ಹಾದಿಯಲ್ಲಿ ಅಂತರರಾಷ್ಟ್ರೀಯ ರ‍್ಯಾಲಿಯೇ ನಡೆದಿದೆ.

ಎರಡನೆಯದು ಆಟೋಕ್ರಾಸ್. ಬಯಲಿನಲ್ಲಿ ಗುರುತು ಹಾಕಿದ ಹಾದಿಯಲ್ಲಿ ಸುತ್ತಿ ಬರಬೇಕು. ಇಲ್ಲೂ ಟೈಮಿನದೇ ಲೆಕ್ಕ. ಖರ್ಚು ಕಡಿಮೆ, ವೇಗ ಕಡಿಮೆ, ಕಲಿಕೆ ಜಾಸ್ತಿ. ಬೆಂಗಳೂರು, ಚಿಕ್ಕಮಗಳೂರು, ಕೊಡಗು ಕಡೆ ಇಂಥವು ಆಗಾಗ ನಡೆಯುತ್ತವೆ.

ಮೂರನೆಯದೇ ಹುಡುಗರ ಕನಸಿನದು. ಹತ್ತು-ಇಪ್ಪತ್ತು ಕಾರುಗಳನ್ನು ಒಟ್ಟಿಗೆ ಸಾಲು ಹಚ್ಚಿ, ಕೆಂಪು ದೀಪ ಆರಿದೊಡನೆ ಬಿಡುವುದು. ಗಾಲಿಗೆ ಗಾಲಿ ಹಚ್ಚಿ ಓಡಿಸುವುದು. ಇಲ್ಲಿ ಗಡಿಯಾರ ಸೋಲಿಸಿದರೆ ಸಾಲದು, ಪಕ್ಕದವನನ್ನೂ ಸೋಲಿಸಬೇಕು. ಅದೂ ಅವನಿಗೆ ಬಡಿಯದೆ.

ವಿಮಾನದ ರನ್‌ವೇಯಿಂದ ಶುರುವಾದ ಆಟ

ದಕ್ಷಿಣದಲ್ಲಿ ಈ ಆಟ ಬೆಳೆದದ್ದು ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುಹಾದಿ ಅದು. ಯುದ್ಧ ಮುಗಿದು ವಿಮಾನ ಹೋದ ಮೇಲೆ, 1950ರ ದಶಕದಿಂದ ಅಲ್ಲಿ ಕಾರು-ಮೋಟಾರ್‌ಸೈಕಲ್ ಓಡತೊಡಗಿದವು. ಬೆಂಗಳೂರಿನಿಂದಲೂ ಸ್ಪರ್ಧಿಗಳು ಹೋಗುತ್ತಿದ್ದರು. ಆಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿತು. ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರ್. ಈಗ ಅದಕ್ಕೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಎಂದು ಹೆಸರು.

ಈ ಆಟವನ್ನು ಸಾಮಾನ್ಯರ ಕೈಗೆ ಸ್ವಲ್ಪ ಹತ್ತಿರ ತಂದವರು ಕೊಯಮತ್ತೂರಿನ ಎಸ್. ಕರಿವರ್ಧನ್. ವಿದೇಶಿ ರೇಸ್ ಕಾರಿಗೆ ರೊಕ್ಕ ಸುರಿಯುವ ಬದಲು, ಊರೂರಲ್ಲಿ ಓಡುತ್ತಿದ್ದ ಮಾರುತಿ 800 ಕಾರಿನ ಎಂಜಿನ್ ತೆಗೆದು ಒಬ್ಬನೇ ಕೂರುವ ರೇಸ್ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. 796 ಸಿಸಿ, ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಎಲ್ಲರ ಕಾರೂ ಒಂದೇ ನಮೂನೆ, ಆದ್ದರಿಂದ ಗೆಲುವು ರೊಕ್ಕದ್ದಲ್ಲ, ಓಡಿಸುವವನದು. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲೇ ಕೊಯಮತ್ತೂರಿನ ಬಳಿ 2003ರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ತೆರೆಯಿತು. ಒಂದು ಸುತ್ತು 2.1 ಕಿಲೋಮೀಟರ್. ಹೊಸಬರು ಕಲಿಯಲು ಒಳ್ಳೆಯ ಜಾಗ ಎಂದು ಹೆಸರಾಗಿದೆ.

ಅದೇ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ. 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ 5.1 ಕಿಲೋಮೀಟರಿನ ಬುದ್ಧ ಸರ್ಕಿಟ್ ತೆರೆದು, ಸತತ ಮೂರು ವರ್ಷ ಅಲ್ಲಿ ಫಾರ್ಮುಲಾ ಒನ್ ನಡೆಯಿತು. ಮೂರು ಸಲವೂ ಗೆದ್ದವನು ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್. 2013ಕ್ಕೆ ಅದು ನಿಂತಿತು.

ಕರ್ನಾಟಕದವರೇನು ಕಡಿಮೆಯಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿ ಸೇರಿದ ಮೊದಲ ಭಾರತೀಯ. ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದ ಓಣಿಯಂಥ ರಸ್ತೆಯಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದ. ಬೈಕಿನ ಕಡೆ ಬಂದರೆ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಮಹಿಳಾ ವಿಶ್ವಕಪ್ ಗೆದ್ದು ಬಂದ ಹೆಣ್ಣುಮಗಳು. ಆದರೂ ರಾಷ್ಟ್ರಮಟ್ಟದ ಕಾರ್ ರೇಸ್ ನಡೆಸುವಂಥ ದೊಡ್ಡ ಕಾಯಂ ಟ್ರ್ಯಾಕ್ ಕರ್ನಾಟಕದಲ್ಲಿಲ್ಲ. ಕನ್ನಡದ ಹುಡುಗ ರೇಸ್ ಓಡಿಸಬೇಕಾದರೆ ತಮಿಳುನಾಡಿನ ಬಸ್ಸು ಹತ್ತಲೇಬೇಕು.

ಮೊದಲ ಮೆಟ್ಟಿಲು: ಕಾರ್ಟ್

ರೇಸಿಗೆ ಹೋಗುವವನು ಮೊದಲು ಕಾರು ಕೊಳ್ಳುತ್ತಾನೆ ಎಂಬುದು ಊರ ಜನರ ತಿಳಿವಳಿಕೆ. ಅದು ತಪ್ಪು. ಮೊದಲು ಕೊಳ್ಳಬಾರದ್ದೇ ಕಾರು.

ಶುರು ಆಗುವುದು ಕಾರ್ಟಿನಿಂದ. ನೆಲಕ್ಕೆ ಅಂಟಿದಂತಿರುವ ನಾಲ್ಕು ಗಾಲಿಯ ಸಣ್ಣ ಗಾಡಿ. ಸಸ್ಪೆನ್ಷನ್ ಇಲ್ಲ, ಬಾಗಿಲಿಲ್ಲ, ಟಾಪಿಲ್ಲ. ನೋಡಿದರೆ ಜಾತ್ರೆಯ ಆಟಿಕೆ. ಕೂತು ಓಡಿಸಿದರೆ ಗೊತ್ತಾಗುತ್ತದೆ, ಹತ್ತು ನಿಮಿಷಕ್ಕೆ ತೋಳು ಸೋತು ಹೋಗುತ್ತದೆ. ಫಾರ್ಮುಲಾ ಒನ್ ಓಡಿಸುವ ಹೆಚ್ಚುಕಡಿಮೆ ಎಲ್ಲರೂ ಇದರಲ್ಲೇ ಅಕ್ಷರ ತಿದ್ದಿದವರು. ದೊಡ್ಡ ಊರುಗಳಲ್ಲಿ ಏಳೆಂಟು ವರ್ಷದ ಮಕ್ಕಳೇ ಹತ್ತುತ್ತಾರೆ. ಅಬಲೂರಿನ ಹುಡುಗ ಇಪ್ಪತ್ತಕ್ಕೆ ಹತ್ತಿದರೆ ಫಾರ್ಮುಲಾ ಒನ್ ಮುಟ್ಟುವುದಿಲ್ಲ, ಇದು ಖರೆ ಮಾತು. ಆದರೆ ಹವ್ಯಾಸಕ್ಕೆ ಓಡಿಸುವವನಿಗೆ ಇಪ್ಪತ್ತೂ ಆಯಿತು, ಮೂವತ್ತೂ ಆಯಿತು.

ಬೆಂಗಳೂರಿನಲ್ಲಿ ಮೆಕೊ ಕಾರ್ಟೋಪಿಯಾದಂಥ ಕಾರ್ಟ್ ಟ್ರ್ಯಾಕುಗಳಿವೆ. ಹೆಲ್ಮೆಟ್ಟೂ ಅವರೇ ಕೊಡುತ್ತಾರೆ, ಗಾಡಿಯೂ ಅವರದೇ. ಬಾಡಿಗೆ ಕೊಟ್ಟು ಓಡಿಸಿ ಬರಬಹುದು. ಇತ್ತ ಬೆಳಗಾವಿ ದಾಟಿದರೆ ಕೊಲ್ಹಾಪುರದ ಬಳಿಯೂ ಮೋಹಿತೆಯವರ ರೇಸಿಂಗ್ ಅಕಾಡೆಮಿಯ ಟ್ರ್ಯಾಕ್ ಇದೆ. ಒಂದು ದಿನ ಹೋಗಿ ಓಡಿಸಿ ನೋಡಿದರೆ ಎರಡು ವಿಷಯ ತಿಳಿಯುತ್ತದೆ. ಒಂದು, ಆಸೆ ನಿಜವಾದದ್ದೊ ಬರೀ ಮೊಬೈಲಿನದೊ. ಎರಡು, ಊರಲ್ಲಿ ತಾನೇ ಫಾಸ್ಟ್ ಅಂದುಕೊಂಡವನು ಅಲ್ಲಿ ಎಷ್ಟನೆಯವನು.

ಎರಡನೇ ಮೆಟ್ಟಿಲು: ಶಾಲೆ, ಲೈಸೆನ್ಸು

ರೇಸಿಗೂ ಶಾಲೆ ಇದೆ. ಚೆನ್ನೈ, ಕೊಯಮತ್ತೂರು ಟ್ರ್ಯಾಕುಗಳಲ್ಲಿ ಎರಡು-ಮೂರು ದಿನದ ತರಬೇತಿ ಶಿಬಿರ ನಡೆಯುತ್ತವೆ. ಮೊದಲ ದಿನ ಬೋರ್ಡಿನ ಮೇಲೆ ಪಾಠ, ಆಮೇಲೆ ಗಾಡಿಯಲ್ಲಿ. ಕಾರು ಶಾಲೆಯದೇ.

ಆರ್.ಟಿ.ಓ. ಕೊಡುವ ಕೆ.ಎ.-27ರ ಡಿ.ಎಲ್. ರೇಸಿಗೆ ನಡೆಯುವುದಿಲ್ಲ. ಭಾರತದಲ್ಲಿ ಮೋಟಾರು ಕ್ರೀಡೆಯ ಮೇಲಿನ ಅಧಿಕಾರ ಎಫ್.ಎಂ.ಎಸ್.ಸಿ.ಐ. ಎಂಬ ಒಕ್ಕೂಟದ್ದು. ಕ್ರಿಕೆಟ್ಟಿಗೆ ಬಿ.ಸಿ.ಸಿ.ಐ. ಇದ್ದ ಹಾಗೆ. ಅವರಿಂದ ಸ್ಪರ್ಧಾ ಲೈಸೆನ್ಸ್ ಪಡೆಯಬೇಕು, ವರ್ಷ ವರ್ಷ ನವೀಕರಿಸಬೇಕು. ಅರ್ಜಿಯ ಜೊತೆ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಶಾಲೆಯ ಪ್ರಮಾಣಪತ್ರ ಕೈಯಲ್ಲಿದ್ದರೆ ಹಾದಿ ಸಲೀಸು. 18 ತುಂಬದವರಿಗೆ ತಂದೆ-ತಾಯಿಯ ಸಹಿ ಬೇಕು. ಒಕ್ಕೂಟದ ಮಾನ್ಯತೆ ಇಲ್ಲದ ಯಾವುದೇ ‘ರೇಸ್’ ಅಂದರೆ, ಪೋಸ್ಟರ್ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಕಾಲಿಡದಿರುವುದೇ ಜಾಣತನ.

ಲೈಸೆನ್ಸ್ ಬಂದ ಮೇಲೂ ಕಾರು ಕೊಳ್ಳುವ ಅವಸರ ಬೇಡ. ರಾಷ್ಟ್ರೀಯ ಸರಣಿಗಳಲ್ಲಿ ಹೊಸಬರಿಗೆಂದೇ ನೋವಿಸ್ ಕಪ್ ಎಂಬ ವರ್ಗವಿದೆ. ಎಲ್‌ಜಿಬಿ ಫಾರ್ಮುಲಾ ಕಾರುಗಳಿವೆ. ಮಾರುತಿ ಸ್ವಿಫ್ಟಿನ ಎಂಜಿನ್ ಕೂಡಿಸಿದ ಒಂಟಿ ಸೀಟಿನ ಗಾಡಿ ಅದು. ತಂಡದವರು ಕಾರು ಇಟ್ಟಿರುತ್ತಾರೆ, ರಿಪೇರಿ ಅವರೇ ಮಾಡುತ್ತಾರೆ, ಸ್ಪರ್ಧಿ ಬಾಡಿಗೆ ಕಟ್ಟಿ ಓಡಿಸುತ್ತಾನೆ. ಇನ್ನೊಂದು ಕಡೆ ಟೂರಿಂಗ್ ಕಾರ್ ವರ್ಗ. ಅಲ್ಲಿ ಹಳೆಯ ಮಾರುತಿ ಎಸ್ಟೀಂ, ಹೋಂಡಾ ಸಿಟಿಗಳನ್ನೇ ಬಿಚ್ಚಿ ಕಟ್ಟಿ ಓಡಿಸುತ್ತಾರೆ. ಊರಲ್ಲಿ ಗುಜರಿಗೆ ಹೋಗುವ ಗಾಡಿ ಅಲ್ಲಿ ರಾಜನಂತೆ ಮೆರೆಯುತ್ತದೆ. ಹಿಂದೆ ಬಿಡದಿಯ ಟೊಯೊಟಾದವರು ಎಟಿಯಾಸ್ ಕಾರಿನ ರೇಸ್ ನಡೆಸಿದಾಗ ಸಾವಿರಾರು ಅರ್ಜಿ ತರಿಸಿ, ಪರೀಕ್ಷೆ ಮಾಡಿ, 25 ಮಂದಿಯನ್ನು ಆರಿಸಿದ್ದರು. ಇಂಥ ಪರೀಕ್ಷೆಗಳು ಬಂದಾಗ ಕಣ್ಣಿಟ್ಟಿರಬೇಕು. ರೊಕ್ಕ ಇಲ್ಲದ ಹುಡುಗನಿಗೆ ಅದೇ ಹೆಬ್ಬಾಗಿಲು.

ಮೈಮೇಲೆ ಏನು, ಗಾಡಿಯೊಳಗೆ ಏನು?

ಬಜಾರಿನ ಬೈಕ್ ಹೆಲ್ಮೆಟ್ ನಡೆಯುವುದಿಲ್ಲ. ಬೆಂಕಿಗೂ ತಾಳುವ ರೇಸ್ ಹೆಲ್ಮೆಟ್ಟೇ ಬೇಕು. ಬೆಂಕಿ ಹತ್ತಿದರೂ ಕೂಡಲೇ ಸುಡದಂಥ ಬಟ್ಟೆಯ ಮೈತುಂಬಾ ಅಂಗಿ, ಕೈಚೀಲ, ತೆಳು ತಳದ ಬೂಟು, ಮುಖಕ್ಕೆ ಕುಲಾಯಿಯಂಥ ಮುಸುಕು. ಕೊರಳಿಗೆ ಹ್ಯಾನ್ಸ್ ಎಂಬ ನೊಗದಂಥ ಸಾಧನ. ಗುದ್ದಿದಾಗ ಮೈಯನ್ನು ಬೆಲ್ಟು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮಿ ಕುತ್ತಿಗೆ ಮುರಿಯುತ್ತದೆ. ಅದನ್ನು ತಡೆಯಲು ಈ ನೊಗ ಹೆಲ್ಮೆಟ್ಟನ್ನು ಕಟ್ಟಿ ಹಿಡಿಯುತ್ತದೆ. 2003ರಿಂದ ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯ.

ಗಾಡಿಯೊಳಗೆ ಸೀಟು, ಕಾರ್ಪೆಟ್ಟು, ಟೇಪು ಎಲ್ಲ ಕಿತ್ತು ಕಬ್ಬಿಣದ ಕೊಳವೆಯ ಪಂಜರ ಕೂಡಿಸುತ್ತಾರೆ. ಗಾಡಿ ಪಲ್ಟಿ ಹೊಡೆದರೂ ಪಂಜರ ಜಜ್ಜಿಹೋಗುವುದಿಲ್ಲ. ಹೆಗಲು, ಸೊಂಟ, ತೊಡೆ ಸಂದಿಗೆ ಬಿಗಿಯುವ ಬೆಲ್ಟು. ಬೆಂಕಿ ನಂದಿಸುವ ಸಿಲಿಂಡರು. ಹೊರಗಿನಿಂದಲೇ ಕರೆಂಟು ಕಡಿಯುವ ಸ್ವಿಚ್ಚು. ರೇಸಿನ ಮುಂಚೆ ಇವನ್ನೆಲ್ಲ ಒಂದೊಂದಾಗಿ ತಪಾಸಣೆ ಮಾಡುತ್ತಾರೆ. ಒಂದು ನಟ್ಟು ಸಡಿಲಿದ್ದರೂ ಗಾಡಿ ಹೊರಗೆ. ಇಂಥ ಗಾಡಿಯನ್ನು ಮತ್ತೆ ರಸ್ತೆಗಿಳಿಸುವಂತಿಲ್ಲ, ಕಂಪನಿ ಮಾಡಿಕೊಟ್ಟ ರೂಪ ಬದಲಿಸುವುದನ್ನು ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಟ್ರ್ಯಾಕಿಗೆ ಲಾರಿಯಲ್ಲೇ ಹೇರಿಕೊಂಡು ಹೋಗಬೇಕು.

ಬಾವುಟದ ಭಾಷೆ

ಟ್ರ್ಯಾಕಿನಲ್ಲಿ ಹಾರನ್ ಇಲ್ಲ. ಅಲ್ಲಿಯ ಮಾತೆಲ್ಲ ಬಾವುಟದ್ದು. ಹಳದಿ ಬೀಸಿದರೆ ಮುಂದೆ ಅಪಾಯ, ನಿಧಾನಿಸು, ಹಿಂದಿಕ್ಕಬೇಡ. ಹಸಿರು ಅಂದರೆ ಹಾದಿ ಸಾಫ್. ಹಳದಿ-ಕೆಂಪು ಪಟ್ಟೆ ಅಂದರೆ ಎಣ್ಣೆ ಚೆಲ್ಲಿದೆ, ಜಾರುತ್ತದೆ. ನೀಲಿ ಅಂದರೆ ನಿನಗಿಂತ ಜೋರಿನವನು ಹಿಂದೆ ಬಂದಾನೆ, ದಾರಿ ಬಿಡು. ಕೆಂಪು ಅಂದರೆ ರೇಸೇ ನಿಂತಿತು. ಕರಿ ಬಾವುಟ ತೋರಿಸಿದರೆ ನೀನು ತಪ್ಪು ಮಾಡಿದ್ದೀ, ಒಳಗೆ ಬಾ. ಕೊನೆಗೆ ಚೌಕಳಿ ಬಾವುಟ, ಆಟ ಮುಗಿಯಿತು. ಹಳದಿಯಲ್ಲಿ ಹಿಂದಿಕ್ಕಿದವನಿಗೆ ಮಾಫಿ ಇಲ್ಲ. ಏಕೆಂದರೆ ಆ ತಿರುವಿನ ಆಚೆ ಒಬ್ಬ ಮನುಷ್ಯ ಗಾಡಿಯಿಂದ ಇಳಿಯುತ್ತಿರಬಹುದು.

ಇನ್ನು ಓಡಿಸುವ ಕಸುಬು. ಜೋರಾಗಿ ಹೋಗುವುದು ಎಲ್ಲರಿಗೂ ಬರುತ್ತದೆ, ನಿಧಾನಿಸುವುದು ಕೆಲವರಿಗೇ ಬರುತ್ತದೆ. ಕಲಿಸುವವರು ಮೊದಲು ಹೇಳುವುದೂ ಅದನ್ನೇ. ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗಲೇ ಬ್ರೇಕ್ ಮುಗಿಸಬೇಕು. ತಿರುಗುತ್ತ ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಿನ ಗಾಲಿಗೆ ಬಂದು, ಹಿಂದಿನ ಗಾಲಿ ಹಗುರಾಗಿ, ಗಾಡಿ ಗಿರಕಿ ಹೊಡೆಯುತ್ತದೆ. ಹೊರ ಅಂಚಿನಿಂದ ಒಳಗಿನ ಅಂಚು ಮುಟ್ಟಿ ಮತ್ತೆ ಹೊರ ಅಂಚಿಗೆ ಬಂದರೆ ಬಾಗು ಸಣ್ಣದಾಗುತ್ತದೆ, ವೇಗ ಉಳಿಯುತ್ತದೆ. ಚಕ್ಕಡಿ ಹೊಡೆದವರಿಗೆ ಇದು ಹೊಸ ಪಾಠವಲ್ಲ. ಹೊಲದ ಮೂಲೆಯಲ್ಲಿ ಎತ್ತು ತಿರುಗಿಸುವಾಗ ಅಗಲ ತೆಗೆದುಕೊಳ್ಳುವುದಿಲ್ಲವೆ?

ಗಾಲಿಗೆ ಗಾಲಿ ಹಚ್ಚಿ ಓಡಿಸುವಾಗ ಇನ್ನೊಂದು ಮರ್ಯಾದೆ ಉಂಟು. ಪಕ್ಕದಲ್ಲಿ ಬಂದವನಿಗೆ ಒಂದು ಕಾರಿನಷ್ಟು ಜಾಗ ಬಿಡಲೇಬೇಕು. ಅಡ್ಡಡ್ಡ ಹಾಯ್ದು ತಡೆಯುವಂತಿಲ್ಲ. ಬಡಿದು ಗೆದ್ದರೆ ಗೆಲುವು ನಿಲ್ಲುವುದಿಲ್ಲ, ಶಿಕ್ಷೆ ಬೀಳುತ್ತದೆ. ನಂಬಿಕೆ ಇಲ್ಲದೆ ಈ ಆಟ ನಡೆಯುವುದಿಲ್ಲ.

ರೊಕ್ಕದ ಮಾತು

ಈಗ ಅಂಗಡಿಯವರು ಕೇಳುವ ಪ್ರಶ್ನೆ: ಎಲ್ಲಾ ಖರೆ, ಖರ್ಚೆಷ್ಟು?

ಕಾರ್ಟ್ ಬಾಡಿಗೆ ನೂರುಗಳ ಲೆಕ್ಕ. ಶಾಲೆ, ಲೈಸೆನ್ಸು, ಮೈಮೇಲಿನ ಸಾಮಾನು ಹತ್ತಾರು ಸಾವಿರದ ಲೆಕ್ಕ. ಒಂದು ಇಡೀ ಸರಣಿ ಓಡಿಸುವುದು ಲಕ್ಷಗಳ ಲೆಕ್ಕ. ಟೈರು, ಪೆಟ್ರೋಲು, ಬ್ರೇಕ್ ಪ್ಯಾಡು, ಊರಿಂದ ಚೆನ್ನೈಗೆ ಹೋಗಿ ಬರುವ ಖರ್ಚು, ಲಾಡ್ಜು, ಊಟ ಬೇರೆ. ಗಾಡಿ ಜಖಂ ಆದರೆ ಅದರ ಬಿಲ್ಲೂ ಓಡಿಸಿದವನಿಗೇ. ಹವ್ಯಾಸಿ ರೇಸಿನಲ್ಲಿ ಗೆದ್ದರೂ ಕಪ್ಪು ಸಿಗುತ್ತದೆ, ಬಂಡವಾಳ ವಾಪಸಾಗುವುದಿಲ್ಲ. ಇದು ವ್ಯಾಪಾರವಲ್ಲ, ಹವ್ಯಾಸ. ಹೊಲ ಅಡವಿಟ್ಟು, ಅಕ್ಕನ ಮದುವೆಯ ರೊಕ್ಕ ತೆಗೆದು ರೇಸಿಗೆ ಹೋಗುವವನಿಗೆ ಯಾವ ಟ್ರ್ಯಾಕೂ ಶುಭ ಹಾರೈಸುವುದಿಲ್ಲ. ಒಂದು ವರ್ಷ ಕಾರ್ಟ್, ಮುಂದಿನ ವರ್ಷ ಶಾಲೆ, ಅದರಾಚೆ ಒಂದೇ ಒಂದು ರೇಸ್. ದುಡಿದಂತೆ ಮೆಟ್ಟಿಲು ಹತ್ತಬಹುದು, ಯಾರೂ ಓಡಿಸಿಕೊಂಡು ಬಂದಿಲ್ಲ.

ಸಾವು ಅಲ್ಲೂ ಉಂಟು

ಟ್ರ್ಯಾಕ್ ಅಂದರೆ ಪೂರಾ ಸುರಕ್ಷಿತ ಎಂದು ಹೇಳಿದರೆ ಸುಳ್ಳು ಹೇಳಿದಂತೆ. 2023ರ ಜನವರಿ 8ರಂದು ಚೆನ್ನೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಕಾರ್ ರೇಸ್ ವೇಳೆ 59 ವರ್ಷದ ಹಿರಿಯ ಸ್ಪರ್ಧಿಯೊಬ್ಬರು ತೀರಿಕೊಂಡರು. ಅನುಭವಿಗಳು, ಎಲ್ಲರೂ ಗೌರವಿಸುತ್ತಿದ್ದವರು. ಅದೇ ವರ್ಷ ಆಗಸ್ಟ್ 5ರಂದು ಅದೇ ಟ್ರ್ಯಾಕಿನ ಬೈಕ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಬಿದ್ದು ಸತ್ತ. ಹೆಲ್ಮೆಟ್ ಇತ್ತು, ಆಂಬುಲೆನ್ಸ್ ಇತ್ತು, ಡಾಕ್ಟರು ಇದ್ದರು. ಆದರೂ ಉಳಿಯಲಿಲ್ಲ. ಇಷ್ಟು ಎಳೆಯ ಮಕ್ಕಳನ್ನು ಕಣಕ್ಕೆ ಬಿಡಬೇಕೆ ಎಂಬ ಪ್ರಶ್ನೆ ಅಂದು ಎದ್ದಿತು. ಸಹಿ ಹಾಕುವ ಮುಂಚೆ ಪ್ರತಿ ತಂದೆ-ತಾಯಿ ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

ಎಲ್ಲ ವ್ಯವಸ್ಥೆ ಇರುವಲ್ಲೇ ಹೀಗೆ. ಹಾಗಾದರೆ ಯಾವ ವ್ಯವಸ್ಥೆಯೂ ಇಲ್ಲದ ಹೈವೇಯಲ್ಲಿ, ಚಪ್ಪಲಿ ಕಾಲಲ್ಲಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿಕೊಂಡು ಓಡಿಸುವವನ ಕಥೆ ಏನು?

ಸ್ಟಿಯರಿಂಗ್ ಹಿಡಿಯದೆಯೂ ಹೋಗಬಹುದು

ರೊಕ್ಕವಿಲ್ಲದವರಿಗೆ ಇನ್ನೆರಡು ಬಾಗಿಲಿವೆ. ಒಂದು ಮಾರ್ಷಲ್ ಕೆಲಸ. ತಿರುವಿನಲ್ಲಿ ನಿಂತು ಬಾವುಟ ಬೀಸುವವರು, ಗಾಡಿ ಸಿಕ್ಕಿಕೊಂಡರೆ ಎಳೆಯುವವರು, ಬೆಂಕಿ ನಂದಿಸುವವರು ಬಹುಪಾಲು ಸ್ವಯಂಸೇವಕರು. ಕ್ಲಬ್ಬುಗಳು ಇವರಿಗೆ ತರಬೇತಿ ಕೊಡುತ್ತವೆ. ಟಿಕೆಟ್ಟಿಗೆ ನಿಂತ ಪ್ರೇಕ್ಷಕನಿಗೆ ಕಾಣದಷ್ಟು ಹತ್ತಿರದಿಂದ ರೇಸ್ ಕಾಣುತ್ತದೆ. ಯಾವ ತಿರುವಿನಲ್ಲಿ ಯಾರು ಯಾಕೆ ತಪ್ಪುತ್ತಾರೆ ಅನ್ನುವುದು ಅಲ್ಲಿ ಒಂದೇ ದಿನಕ್ಕೆ ತಿಳಿಯುತ್ತದೆ.

ಇನ್ನೊಂದು ಮೆಕ್ಯಾನಿಕ್ ಕೆಲಸ. ರೇಸ್ ತಂಡಗಳಿಗೆ ಕೈ ಕಸುಬಿನ ಹುಡುಗರು ಬೇಕೇ ಬೇಕು. ಎರಡು ಓಟದ ನಡುವೆ ಸಿಗುವ ಅರ್ಧ-ಮುಕ್ಕಾಲು ತಾಸಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸಬಲ್ಲವನಿಗೆ ಅಲ್ಲಿ ಡ್ರೈವರಿನಷ್ಟೇ ಮರ್ಯಾದೆ. ಐ.ಟಿ.ಐ. ಮುಗಿಸಿ ಹಿರೇಕೆರೂರು, ರಾಣೆಬೆನ್ನೂರಿನ ಗ್ಯಾರೇಜುಗಳಲ್ಲಿ ಗ್ರೀಸ್ ಬಳಿದುಕೊಂಡು ಕೂತ ಹುಡುಗನಿಗೆ ಇದು ದುಡಿಮೆಯ ದಾರಿಯೂ ಹೌದು. ಇಂಜಿನಿಯರಿಂಗ್ ಕಾಲೇಜಿಗೆ ಹೋದವರಿಗೆ ಬಾಹಾ ಸ್ಪರ್ಧೆಗಳಿವೆ. ಹುಡುಗರೇ ಗಾಡಿ ಕಟ್ಟಿ, ಅವರೇ ಓಡಿಸಿ, ಬೇರೆ ಕಾಲೇಜಿನವರ ಜೊತೆ ಸೆಣಸುತ್ತಾರೆ.

ಜಿಲ್ಲೆಯಲ್ಲಿ ಆಗಬಹುದಾದ ಕೆಲಸವೂ ಇಲ್ಲದಿಲ್ಲ. ಜಾತ್ರೆಗೆ ಟ್ರ್ಯಾಕ್ಟರ್ ಸ್ಪರ್ಧೆ ಏರ್ಪಡಿಸುವ ಊರ ಹಿರಿಯರು, ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಕ್ಲಬ್ಬನ್ನು ಕರೆಸಿ, ಪೊಲೀಸರ ಅನುಮತಿ ತೆಗೆದು, ಸುಗ್ಗಿ ಮುಗಿದ ಬಯಲಿನಲ್ಲಿ ಒಂದು ಆಟೋಕ್ರಾಸ್ ನಡೆಸಲು ಏನು ಅಡ್ಡಿ? ಹೋರಿ ಹಬ್ಬಕ್ಕೆ ಸೇರುವ ಜನ ಅದಕ್ಕೂ ಸೇರುತ್ತದೆ. ಮಂಡಕ್ಕಿ-ಮಿರ್ಚಿ ವ್ಯಾಪಾರವೂ ಆಗುತ್ತದೆ. ಹುಡುಗರು ಬೆಳಕಲ್ಲಿ, ಊರ ಕಣ್ಣೆದುರು ಓಡಿಸುತ್ತಾರೆ.

ಅಲ್ಲಿಯವರೆಗೆ, ರೇಸಿನ ಆಸೆ ಇರುವವನು ಈ ತಿಂಗಳ ಮೊದಲ ರಜೆಗೆ ಬೆಂಗಳೂರಿನ ಬಸ್ಸು ಹತ್ತಲಿ. ಕಾರ್ಟಿನಲ್ಲಿ ಹತ್ತು ನಿಮಿಷ ಓಡಿಸಲಿ. ಜೊತೆಗೆ ಅಪ್ಪನನ್ನೂ ಕರೆದೊಯ್ದರೆ ಇನ್ನೂ ಒಳ್ಳೆಯದು. ಗದರುವ ಅಪ್ಪನಿಗೂ ಒಳಗೊಳಗೇ ಒಂದು ಚಕ್ಕಡಿ ಓಟದ ಹುಚ್ಚು ಇದ್ದೀತು, ಯಾರಿಗೆ ಗೊತ್ತು!